ಖಣದ ಬ್ಲಾಗಿಗೆ ಓದೋರು ಬಂದಿದ್ದು ಹೆಂಗ

ನಮ್ಮ ತವರು ಗುಳೇದಗುಡ್ಡ, ಮನ್ಯಾಗ ಖಣ, ಅಂದ್ರ ಕುಪ್ಪಸದ ಬಟ್ಟಿ, ನೇಯೂ ಮಗ್ಗ ಐತಿ, ಅಪ್ಪ ಈಗಲೂ ನೇಯ್ತಾರ. ನಾ ಇರೂದು ಬಾಗಲಕೋಟಿ ನವನಗರದಾಗ, ನಾನೂ ನಮ್ಮ ಮನಿಯವ್ರೂ ಸೇರಿ ಒಂದು ಝೆರಾಕ್ಸ್, ಡಿಟಿಪಿ ಅಂಗಡಿ ನಡಸ್ತೀವಿ. ಖಣ ಮತ್ತ ಇಳಕಲ್ ಸೀರಿ ಬಗ್ಗೆ ಕನ್ನಡದಾಗ ಒಂದು ಬ್ಲಾಗ್ ಮಾಡೀನಿ, ದಿನಾ ಮಂದಿ ಹುಡುಕಿಕೊಂಡು ಬಂದು ಓದ್ತಾರ. ಅದು ಹೆಂಗಾತು, ಏನೇನು ಮಾಡಿದೆ ಅಂತ ಗೊತ್ತಿದ್ದೋರು ಕೇಳಕೋತನ ಇರ್ತಾರ, ಎಲ್ಲಾ ಒಂದ ಕಡೆ ಬರದ ಬಿಡೂದು ಛಲೋ ಅನಿಸ್ತು.

ಶುರು ಆಗಿದ್ದು ಅಂಗಡಿಯಿಂದನ. ಲಗ್ನಪತ್ರಿಕಿ ಮಾಡಿಸಾಕ ಬರೋರು ಮಾತಿಗೆ ಮಾತು ಬೆಳದು ಜವಳಿ ಬಗ್ಗೆ ಕೇಳ್ತಾರ, ಅಕ್ಕಾರ ನಿಮ್ಮೂರು ಗುಳೇದಗುಡ್ಡ ಅಂತಲ್ರಿ, ಕೈಮಗ್ಗದ ಖಣ ಎಲ್ಲೆ ಸಿಗತಾವ, ಇಳಕಲ್ ಸೀರಿ ಖರೇದು ಯಾವ್ದು ಅಂತ ಹೆಂಗ ಗೊತ್ತಾಗ್ತೈತಿ, ಅಂತ. ನಾ ಹೇಳ್ತಿದ್ದೆ. ಒಂದ್ಸಲ ಹಿಂಗ ಒಬ್ರು ತಾಯಿ ಮಗಳು ಬಂದಾಗ ಆ ಹುಡುಗಿ ಅಲ್ಲೇ ಫೋನ್ ತಗದು ಹುಡುಕಿ ತೋರಿಸಿದ್ಲು, ಬಂದಿದ್ದೆಲ್ಲಾ ಮಾರೋರ ಜಾಹೀರಾತು, ಅದರಾಗ ಬರೇ ಸೆರಗಿನ ಡಿಸೈನ್ ಪ್ರಿಂಟ್ ಹೊಡದ ಸೀರಿಗೂ ಇಳಕಲ್ ಅಂತ ಹೆಸರು. ಕನ್ನಡದಾಗ ಸರಿಯಾಗಿ ತಿಳಿಸಿ ಹೇಳೂವಂಥದ್ದು ಆಕಿಗೆ ಏನೂ ಸಿಗಲಿಲ್ಲ. ಇಳಕಲ್ ಸೀರಿಗೂ ಗುಳೇದಗುಡ್ಡ ಖಣಕ್ಕೂ ಜಿಐ ಟ್ಯಾಗ್, ಅಂದ್ರ ಇದು ಈ ಊರಿನ ವಿಶೇಷ ವಸ್ತು ಅಂತ ಸರಕಾರ ಕೊಡೂ ಗುರ್ತು, ಐತಿ, ಆದ್ರ ಕೊಳ್ಳೋ ಹೆಣಮಗಳಿಗೆ ಆ ಟ್ಯಾಗಿನಿಂದ ಏನು ಗೊತ್ತಾಗಬೇಕು? ಇದನ್ನ ನಾವ ಬರೀಬೇಕು, ಮಗ್ಗದ ಮನ್ಯಾಗ ಹುಟ್ಟಿದೋರು ಬರೀಲಿಲ್ಲ ಅಂದ್ರ ಮತ್ಯಾರು ಬರೀತಾರ ಅನಿಸ್ತು.

ಬ್ಲಾಗ್ ತಯಾರು ಮಾಡೂದು ಏನೂ ಕಷ್ಟ ಇಲ್ರಿ. ವರ್ಡ್‌ಪ್ರೆಸ್ ಛಲೋ ಐತಿ, ಬೇಕಾದಂಗ ತಿದ್ದಬಹುದು, ಆದ್ರ ಸ್ವಂತ ಹೋಸ್ಟಿಂಗ್ (ಬ್ಲಾಗ್ ಇಡಾಕ ಇಂಟರ್ನೆಟ್ಟಿನ್ಯಾಗ ಜಾಗ) ತಗೊಂಡ್ರ ವರ್ಷಾ ರೊಕ್ಕ ಕಟ್ಟಬೇಕು, ಅಪ್‌ಡೇಟು, ಬ್ಯಾಕಪ್ಪು ಎಲ್ಲಾ ನಾವ ನೋಡಬೇಕು. ಅದಕ್ಕ ಗೂಗಲ್‌ನವ್ರ ಬ್ಲಾಗರ್ ತಗೊಂಡೆ. 1999ರಾಗ ಶುರುವಾದದ್ದು, 2003ರಾಗ ಗೂಗಲ್ ಅದನ್ನ ಕೊಂಡಕೊಂಡ್ತು, ಹಳೇದು ಅಂತ ಕೆಲವ್ರು ಮೂಗು ಮುರೀತಾರ, ಆದ್ರ ನನ್ನಂಥೋರಿಗೆ ಸಾಕು, ಬಿಟ್ಟಿ ಐತಿ, ಸ್ವಂತ ಡೊಮೇನ್ ಹೆಸರು ತಗೊಂಡು ಜೋಡಿಸಿದ್ರೂ ಹೋಸ್ಟಿಂಗಿಗೆ ಬ್ಯಾರೆ ಖರ್ಚಿಲ್ಲ. ಜಿಮೇಲ್ ಇದ್ರ ಸಾಕು, ಹೆಸರು ಇಟ್ಟು, ಥೀಮ್ ಆರಿಸಿ, ಬರಿಯಾಕ ಕುಂತಬಿಡಬಹುದು.

ಕನ್ನಡದಾಗ ಬರಿಯೋರು ಒಂದು ನೋಡಕೋಬೇಕು, ಪೋಸ್ಟಿನ ವಿಳಾಸ. ತಲಿಬರಹ ಕನ್ನಡದಾಗ ಇದ್ರ ಬ್ಲಾಗರ್ ತಾನಾಗಿ ಮಾಡೂ ಲಿಂಕ್‌ನ್ಯಾಗ ಕನ್ನಡ ಅಕ್ಷರ ಬರೂದಿಲ್ಲ, ಬರೇ ಬ್ಲಾಗ್‌-ಪೋಸ್ಟ್ ಅಂತ ಬಂದು ಮುಂದ ಒಂದು ನಂಬರ್ ಕುಂತಿರ್ತೈತಿ, ಎಲ್ಲಾ ಪೋಸ್ಟೂ ಹಂಗ. ಬಲಗಡೆ ಪರ್ಮಾಲಿಂಕ್ ಅಂತ ಇರ್ತೈತಲ್ಲ, ಅಲ್ಲೆ ಕಸ್ಟಮ್ ಒತ್ತಿ ಇಂಗ್ಲಿಷ್ ಅಕ್ಷರದಾಗ ಚಿಕ್ಕದಾಗಿ ವಿಷಯ ಬರದ್ರ ಆತು, ಪಬ್ಲಿಷ್ ಮಾಡೂ ಮೊದಲ ಮಾಡಬೇಕು. ಬ್ಯಾರೆ ಕಡೆ ಕೆಲವೊಂದ್ರಾಗ ಕನ್ನಡ ಅಕ್ಷರಾನ ಲಿಂಕ್ ಆಗಿ ಬರ್ತಾವ, ನೋಡಾಕ ಚಂದ, ಆದ್ರ ವಾಟ್ಸಾಪಿಗೆ ಹಾಕಿದ್ರ ಒಂದೊಂದು ಅಕ್ಷರಕ್ಕ ಪರ್ಸೆಂಟ್ ಗುರ್ತು, ಇ, ಸೊನ್ನಿ, ಬಿ, ಎರಡು ಅಂತ ಮೈಲುದ್ದ ಸಾಲು ಆಗಿ ಕುಂದರ್ತೈತಿ, ಅದನ್ನ ನೋಡಿ ಮಂದಿ ಒತ್ತಾಕ ಹೆದರ್ತಾರ. ಹಂಗೇ ಸೆಟ್ಟಿಂಗ್ಸ್‌ನ್ಯಾಗ ಸರ್ಚ್ ಡಿಸ್ಕ್ರಿಪ್ಷನ್ ಆನ್ ಮಾಡಿ ಪ್ರತಿ ಪೋಸ್ಟಿಗೂ ಒಳಗ ಏನೈತಿ ಅನ್ನೂದನ್ನ ಒಂದೆರಡು ಸಾಲಿನ್ಯಾಗ ಬರೀತೀನಿ.

ಇನ್ನ ಟೈಪಿಂಗ್. ಅಂಗಡಿಯಾಗ ನಾವು ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನೊಳಗ ಹೊಡಿಯೋರು, ಲಗ್ನಪತ್ರಿಕಿ, ಕರಪತ್ರ ಎಲ್ಲಾ ಹಳೇ ನುಡಿ ಫಾಂಟ್. ನಮ್ಮೂರ ಒಬ್ರು ನಿವೃತ್ತ ಮಾಸ್ತರ್ರು ನೇಕಾರಿಕಿ ಬಗ್ಗೆ ಭಾಳ ವರ್ಷದ ಹಿಂದ ಬರದಿಟ್ಟ ಟಿಪ್ಪಣಿ ಕೊಟ್ರು, ಅದೂ ನುಡಿಯಾಗ. ಅದನ್ನ ಬ್ಲಾಗಿಗೆ ಪೇಸ್ಟ್ ಮಾಡಿದ್ರ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿ ಏನೇನೋ ಬರ್ತಾವ, ಗೂಗಲಿಗೂ ಅದು ಕನ್ನಡ ಅಂತ ಗೊತ್ತಾಗೂದಿಲ್ಲ. ಯೂನಿಕೋಡಿಗೆ, ಅಂದ್ರ ಎಲ್ಲಾ ಫೋನು, ಕಂಪ್ಯೂಟರಿಗೂ ತಿಳಿಯೂ ಅಕ್ಷರ ಪದ್ಧತಿಗೆ, ಬದಲಿಸೂ ಕನ್ವರ್ಟರ್ ಬಿಟ್ಟಿ ಸಿಗತಾವ, ಅದರಾಗ ಹಾಕಿ ತಗದ್ರ ಮುಕ್ಕಾಲು ಕೆಲಸ ಆಗ್ತೈತಿ, ಉಳಿದದ್ದು ಕಣ್ಣಿಟ್ಟು ನೋಡಬೇಕು, ಅರ್ಕಾವತ್ತು, ಒತ್ತಕ್ಷರ ಇರೂ ಕಡೆ ಜಾಗ ತಪ್ಪಿರ್ತೈತಿ. ಮಾಸ್ತರ್ರ ಟಿಪ್ಪಣಿ ಪೂರ್ತಿ ಹಂಗ ಸಾಲ ಸಾಲ ನೋಡಿ ತಿದ್ದಿದೆ. ಹಳೇ ಫಾಂಟಿನ್ಯಾಗ ಸಿಗಹಾಕ್ಕೊಂಡ ಇಂಥ ಬರಹ ನಮ್ಮ ಕಡೆ ಡಿಟಿಪಿ ಅಂಗಡಿ ಕಂಪ್ಯೂಟರಿನ್ಯಾಗ ಎಷ್ಟು ಬಿದ್ದಾವೋ, ಅವು ಹೊರಗ ಬಂದ್ರ ಕನ್ನಡ ಓದೋರಿಗೆ ಎಷ್ಟು ಸಿಗತೈತಿ ಅಂತ ಇವತ್ತಿಗೂ ಅನಿಸ್ತೈತಿ. ಹೊಸಾದು ಬರಿಯಾಕ ನಾ ಫೋನ್‌ನ್ಯಾಗ ಜಿಬೋರ್ಡ್ ಕೀಬೋರ್ಡ್ ಬಳಸ್ತೀನಿ, ಅಪ್ಪ ಮಗ್ಗದ ಮ್ಯಾಲೆ ಕುಂತು ಹೇಳಿದ್ದನ್ನ ರೆಕಾರ್ಡ್ ಮಾಡ್ಕೊಂಡು ಬಂದು ರಾತ್ರಿ ಕೇಳಿ ಬರೀತೀನಿ.

ಮೊದಲ ಮೊದಲು ಓದಿದೋರು ಮನಿ ಮಂದಿ, ಬಳಗದ ಗ್ರೂಪಿನ್ಯಾಗ ಇರೋರು. ಖಣದ ಇತಿಹಾಸ, ನಮ್ಮೂರ ಪರಿಚಯ ಇಂಥವು ಬರದಿದ್ದೆ, ಎಲ್ಲಾರೂ ಹೂವು, ಕೈ ಮುಗಿಯೂ ಚಿತ್ರ ಕಳಿಸಿದ್ರು. ಹೊರಗಿನೋರು ಬರಬೇಕಂದ್ರ ಅವ್ರು ಏನು ಹುಡುಕಾಕ ಹತ್ಯಾರ ಅಂತ ತಿಳೀಬೇಕು, ಅದು ತಿಳಿದಿದ್ದು ಸರ್ಚ್ ಕನ್ಸೋಲಿನಿಂದ. ಇದು ಗೂಗಲ್‌ನವ್ರ ಬಿಟ್ಟಿ ಸಾಧನ, ಬ್ಲಾಗ್ ಜೋಡಿಸಿ, ಸೈಟ್‌ಮ್ಯಾಪ್ (ಬ್ಲಾಗಿನ ಎಲ್ಲಾ ಪೇಜಿನ ಪಟ್ಟಿ) ಕೊಟ್ರ, ಯಾವ ಮಾತು ಹುಡುಕಿದಾಗ ನಮ್ಮ ಪೇಜ್ ಗೂಗಲ್‌ನ್ಯಾಗ ಕಂಡೈತಿ, ಎಷ್ಟು ಮಂದಿ ಒತ್ಯಾರ, ಎಷ್ಟನೇ ಜಾಗದಾಗ ಕಂಡೈತಿ ಎಲ್ಲಾ ತೋರಸ್ತೈತಿ, 16 ತಿಂಗಳ ಹಿಂದಿಂದುವರೆಗೂ ನೋಡಬಹುದು. ಯಾವುದೋ ಪೇಜ್ ಭಾಳ ಸಲ ಕಂಡೈತಿ ಆದ್ರ ಯಾರೂ ಒತ್ತಿಲ್ಲ ಅಂದ್ರ, ಮಂದಿ ಕೇಳಾಕ ಹತ್ತಿದ್ದಕ್ಕೂ ನಮ್ಮ ತಲಿಬರಹಕ್ಕೂ ತಾಳ ಕೂಡಿಲ್ಲ ಅಂತ ಅರ್ಥ.

ನನ್ನ ಪಟ್ಟಿ ನೋಡಿದ್ರ ಇತಿಹಾಸ ಕೇಳಿದೋರು ಕಡಿಮಿ. ಉಡಿ ತುಂಬಾಕ ಏನೇನು ಬೇಕು, ಕುಬಸಕ್ಕ (ಸೀಮಂತಕ್ಕ) ಎಂಥ ಸೀರಿ, ಇಳಕಲ್ ಸೀರಿ ಒರಿಜಿನಲ್ ಹೆಂಗ ಗುರುತಿಸೂದು, ಇಳಕಲ್ ಸೀರಿ ಬಣ್ಣ ಬಿಡ್ತೈತೇನು, ಇಂಥವು. ಓದಿ ಒಂಥರಾ ಖುಷಿ ಆತು, ಯಾಕಂದ್ರ ಅಂಗಡಿಗೆ ಬರೂ ಹೆಣಮಕ್ಕಳು ಕೇಳೂದೂ ಇವನ್ನ, ಉತ್ತರ ನಮ್ಮ ಅವ್ವನ ಬಾಯಾಗ, ಅಪ್ಪನ ಕೈಯಾಗ ಐತಿ.

ಮೊದಲು ಉಡಿ ತುಂಬೂದರ ಬಗ್ಗೆ ಬರದೆ. ಅವ್ವನ್ನ ಕುಂದರಿಸಿಕೊಂಡು ಒಂದೊಂದ ಕೇಳಿ, ಸಾಮಾನು ಎಲ್ಲಾ ತಟ್ಟಿಯಾಗ ಇಟ್ಟು ಫೋಟೋ ತಗದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕಿ ಬೆಟ್ಟ, ಎಲಿ, ಬಾಳಿಹಣ್ಣು, ಹಸರು ಬಳಿ, ಮ್ಯಾಲೆ ಖಣ. ಯಾವಾಗ್ಯಾವಾಗ ತುಂಬ್ತಾರ ಅಂತಾನೂ ಬರದೆ, ಮದಲಗಿತ್ತಿಗೆ, ಕುಬಸದಾಗ ಬಸರಿ ಹೆಣಮಗಳಿಗೆ, ತವರಿಂದ ಮಗಳನ್ನ ಕಳಿಸೂವಾಗ, ಮತ್ತ ದೇವಿಗೆ, ಬಾದಾಮಿ ಬನಶಂಕರಿಗೆ, ಸವದತ್ತಿ ಯಲ್ಲಮ್ಮಗ. ಮನಿತನದಿಂದ ಮನಿತನಕ್ಕ ಪದ್ಧತಿ ಬ್ಯಾರೆ ಇರ್ತಾವ, ಅದನ್ನೂ ಸ್ಪಷ್ಟ ಬರದು ನಿಮ್ಮ ಮನಿ ಹಿರ್ಯಾರನ್ನ ಒಂದ ಮಾತು ಕೇಳ್ರಿ ಅಂತ ಹೇಳಿದೆ. ಮೈಸೂರು, ಬೆಂಗಳೂರು ಕಡೆ ಇದಕ್ಕ ಮಡಿಲು ತುಂಬುವುದು ಅಂತಾರ, ಆ ಮಾತೂ ಪೋಸ್ಟಿನ್ಯಾಗ ಬರೂ ಹಂಗ ನೋಡಿಕೊಂಡೆ.

ಆ ಒಂದು ಪೋಸ್ಟಿಗೆ ಬಂದಷ್ಟು ಮಂದಿ ಅಲ್ಲೀತನಕ ಬರದಿದ್ದ ಎಲ್ಲಾದಕ್ಕೂ ಸೇರಿ ಬಂದಿರಲಿಲ್ಲ. ಪುಣೆದಾಗ, ಬೆಂಗಳೂರಾಗ ಇರೂ ನಮ್ಮ ಕಡೆ ಹುಡುಗ್ಯಾರು, ಅತ್ತಿ ದೂರದ ಊರಾಗ, ತಾಯಿ ಇಲ್ಲ, ಯಾರನ್ನ ಕೇಳಬೇಕು ಗೊತ್ತಿಲ್ಲ, ಫೋನ್ ತಗದು ಹುಡುಕ್ಯಾರ. ಒಬ್ಬಾಕಿ ಬರದಿದ್ಲು, ಅಕ್ಕಾ ನಿಮ್ಮ ಫೋಟೋ ಮುಂದ ಇಟಗೊಂಡು ತಂಗಿ ಕುಬಸದ ತಟ್ಟಿ ಹೊಂದಿಸಿದೆ, ಏನೂ ಬಿಟ್ಟಿಲ್ಲ ಅಂತ ಓಣಿ ಮುತ್ತೈದೇರು ಹೇಳಿದ್ರು ಅಂತ. ಅದನ್ನ ಅವ್ವಗ ಓದಿ ತೋರಿಸಿದೆ, ಮತ್ತೊಮ್ಮೆ ಓದು ಅಂದ್ಲು.

ಎರಡನೇದು ಇಳಕಲ್ ಸೀರಿ ಗುರುತಿಸೂದು. ಇದಕ್ಕ ಇಳಕಲ್‌ನ್ಯಾಗ ಇರೂ ನಮ್ಮ ಮಾಮಾರ ಮನಿಗೆ ಹೋಗಿ ಮಗ್ಗದ ಮುಂದ ಕುಂತು ಎಲ್ಲಾ ನೋಡಿ ಬಂದೆ. ಈ ಸೀರಿಯಾಗ ಒಡಲಿನ ಹಾಸು (ಉದ್ದಕ್ಕ ಹೋಗೂ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಮಗ್ಗದ ಮ್ಯಾಲೆ ಎಳಿಗೆ ಎಳಿ ಕೊಂಡಿ ಹಾಕಿ ಜೋಡಸ್ತಾರ. ಹಂಗಾಗಿ ಹಾಸು ಒಂದ ಸೀರಿ ಉದ್ದಕ್ಕ ಅಷ್ಟ ಇರ್ತೈತಿ, ಪ್ರತಿ ಸೀರಿಗೂ ಕೊಂಡಿ ಹೊಸದಾಗಿ ಹಾಕಬೇಕು. ಆ ಸೆರಗಿಗೆ ಟೋಪ್ ತೆನಿ ಅಂತಾರ, ಕೆಂಪು ಪಟ್ಟಿ, ನಡುವ ಬಿಳೀದು. ಸೀರಿ ತಗೊಳ್ಳೋವಾಗ ಒಡಲು ಮುಗದು ಸೆರಗು ಶುರುವಾಗೂ ಜಾಗ ಹಿಡದು ಬೆಳಕಿಗೆ ನೋಡ್ರಿ, ಬೆರಳಾಡಿಸ್ರಿ, ಕೊಂಡಿ ಸಾಲು ಸಣ್ಣಗ ಕೈಗೆ ಹತ್ತತೈತಿ, ಅಲ್ಲಿಂದ ಆ ಕಡೆ ಉದ್ದ ಎಳಿ ಬಣ್ಣಾನೂ ಬದಲಾಗಿರ್ತೈತಿ. ಪ್ರಿಂಟ್ ಹೊಡದದ್ರಾಗ ಒಂದ ಎಳಿ ಈ ತುದಿಯಿಂದ ಆ ತುದಿತನಕ ಹೋಗಿರ್ತೈತಿ, ಹಿಂದ ತಿರುವಿ ನೋಡಿದ್ರ ಬಣ್ಣ ಪೇಲವ. ಮಾಮಾರು ಇದನ್ನ ತೋರಿಸಿದಾಗ ಕೊಂಡಿ ಜಾಗಕ್ಕ ಫೋನ್ ಭಾಳ ಹತ್ರ ಹಿಡದು, ಕಿಟಕಿ ಬೆಳಕಿನ್ಯಾಗ ಫೋಟೋ ತಗದೆ. ಪೋಸ್ಟಿನ್ಯಾಗ ನಾನೂರು ಸಾಲು ಬರದಿದ್ರೂ ಆ ಒಂದು ಫೋಟೋ ಮಾಡೂ ಕೆಲಸ ಆಗ್ತಿರಲಿಲ್ಲ. ಈಗ ಇಳಕಲ್ ಬಗ್ಗೆ ಹುಡುಕಿ ಬರೋರಾಗ ಬಾಳ ಮಂದಿ ಮೊದಲು ಬಂದು ನಿಲ್ಲೂದು ಇದ ಪೋಸ್ಟಿಗೆ.

2022ರ ಡಿಸೆಂಬರ್‌ನ್ಯಾಗ ಗೂಗಲ್, ಪೇಜ್‌ಗಳ ಗುಣಮಟ್ಟ ಅಳಿಯೋರಿಗೆ ಕೊಡೂ ತನ್ನ ಕೈಪಿಡಿಯಾಗ ಅನುಭವ ಅನ್ನೂದನ್ನೂ ಸೇರಿಸ್ತು, ಬರದೋರು ಆ ವಸ್ತುವನ್ನ ಸ್ವತಃ ಬಳಸ್ಯಾರೇನು, ಆ ಜಾಗಕ್ಕ ಹೋಗ್ಯಾರೇನು ಅಂತ. ಊರಾಗ ಇದ್ದು ಬರಿಯೋ ನಮ್ಮಂಥೋರಿಗೆ ಇದು ದೊಡ್ಡ ಬಲ ಅಂತ ನನ್ನ ಅಭಿಪ್ರಾಯ. ದೊಡ್ಡ ಸೈಟ್‌ನೋರು ಹತ್ತು ಕಡೆ ಓದಿ ಬರೀತಾರ, ಕೊಂಡಿ ಮ್ಯಾಲೆ ಬೆರಳಾಡಿಸಿರೂದಿಲ್ಲ.

ಫೋಟೋ ಬಗ್ಗೆ ಹೇಳಲೇಬೇಕು. ಫೋನ್‌ನಿಂದ ತಗದ ಫೋಟೋ ಒಂದೊಂದು ನಾಕೈದು ಎಂಬಿ ಇರ್ತೈತಿ, ಹಂಗ ಹಾಕಿದ್ರ ಹಳ್ಳಿಯಾಗ ನೆಟ್‌ವರ್ಕ್ ಕಡಿಮಿ ಇರೂ ಕಡೆ ಪೇಜ್ ತಿರಗಕೋತ ಕುಂದರ್ತೈತಿ, ಓದೋರು ಹಿಂದ ಹೋಗ್ತಾರ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಗೂಗಲ್‌ದ ಸಾಧನ ಐತಿ, ಪೇಜಿನ ಮುಖ್ಯ ಭಾಗ 2.5 ಸೆಕೆಂಡಿನೊಳಗ ಕಾಣಬೇಕು ಅನ್ನೂದು ಅವ್ರ ಲೆಕ್ಕ. ನಾ ಪ್ರತಿ ಫೋಟೋ ಸಣ್ಣದು ಮಾಡಿ, ಫೈಲಿಗೆ ಅರ್ಥ ಆಗೂ ಹೆಸರಿಟ್ಟು, ಆಲ್ಟ್ ಟೆಕ್ಸ್ಟ್‌ನ್ಯಾಗ ಚಿತ್ರದಾಗ ಏನೈತಿ ಅಂತ ಕನ್ನಡದಾಗ ಬರೀತೀನಿ. ಥೀಮಿನ್ಯಾಗ ಇದ್ದ ಗಡಿಯಾರ, ಓಡೂ ಸಾಲು, ಕ್ಯಾಲೆಂಡರ್ ಎಲ್ಲಾ ತಗದ ಹಾಕಿದೆ. ಗೂಗಲ್ ಇಮೇಜಸ್‌ನಿಂದ ಬರೋರು ನನಗ ಕಡಿಮಿ ಏನಿಲ್ಲ, ಜವಳಿ ವಿಷಯ ಆದ್ದರಿಂದ ಮಂದಿ ಮೊದಲು ಚಿತ್ರಾನ ನೋಡ್ತಾರ.

ನಡುವ ಒಬ್ರು ಫೋನ್ ಮಾಡಿದ್ರು, ಇಷ್ಟು ರೊಕ್ಕ ಕೊಡ್ರಿ ಮೇಡಂ, ತಿಂಗಳಿಗೆ ಸಾವಿರಾರು ವಿಸಿಟರ್ಸ್ ತರಸ್ತೀವಿ, ಬ್ಯಾಕ್‌ಲಿಂಕ್ (ಬ್ಯಾರೆ ಸೈಟಿನಿಂದ ನಮ್ಮ ಬ್ಲಾಗಿಗೆ ಬರೂ ಲಿಂಕ್) ಹಾಕಿಸಿ ಕೊಡ್ತೀವಿ ಅಂತ. ಒಲ್ಲೆ ಅಂದೆ. ರೊಕ್ಕ ಕೊಟ್ಟು ರ‍್ಯಾಂಕಿಗಾಗಿ ಲಿಂಕ್ ಕೊಳ್ಳೂದು ಗೂಗಲ್‌ದ ನಿಯಮದಾಗ ಸ್ಪ್ಯಾಮ್, ಮತ್ತ ಹಂಗ ತರಸೂ ವಿಸಿಟರ್ಸ್ ಅಂದ್ರ ಬಹಳ ಕಡೆ ಬರೇ ಬಾಟ್, ಮನುಷ್ಯಾರಲ್ಲ, ತಾನಾಗಿ ಓಡೂ ಪ್ರೋಗ್ರಾಂ, ಅವು ಉಡಿ ತುಂಬಿಸಿಕೊಳ್ಳಾಕ ಬರೂವಲ್ಲ. ಕೆಲವ್ರು ವಿಕಿಪೀಡಿಯಾದಾಗ ಹೋಗಿ ತಮ್ಮ ಲಿಂಕ್ ಸೇರಸ್ರಿ ಅಂತಾನೂ ಹೇಳ್ತಾರ, ಅಲ್ಲಿ ಹೊರಗಿನ ಲಿಂಕ್‌ಗಳಿಗೆಲ್ಲಾ ನೋಫಾಲೋ, ಅಂದ್ರ ಈ ಲಿಂಕ್ ರ‍್ಯಾಂಕಿನ ಲೆಕ್ಕಕ್ಕ ಹಿಡೀಬ್ಯಾಡ್ರಿ ಅನ್ನೂ ಗುರ್ತು, ಇರ್ತೈತಿ, ರ‍್ಯಾಂಕಿನ ಆಸೆಗೆ ಹಾಕೂದ್ರಾಗ ಅರ್ಥ ಇಲ್ಲ, ಮತ್ತ ಅದು ಅದಕ್ಕ ಇರೂ ಜಾಗಾನೂ ಅಲ್ಲ. ಹಂಗೇ ಮೆಟಾ ಕೀವರ್ಡ್ ಅನ್ನೂ, ಪೇಜಿನ ಕೋಡಿನೊಳಗ ಅಡಗಿರೂ ಟ್ಯಾಗ್‌ನ್ಯಾಗ ಐವತ್ತು ಪದ ತುಂಬೂದು, ರ‍್ಯಾಂಕಿಗೆ ಅದನ್ನ ನೋಡೂದಿಲ್ಲ ಅಂತ ಗೂಗಲ್ 2009ರಾಗ ಹೇಳೈತಿ, ಇನ್ನೂ ಮಂದಿ ಅದನ್ನ ಕಲಿಸಾಕ ಹತ್ಯಾರ.

ಖರೇ ಉಪಯೋಗ ಆಗಿದ್ದು ಒಂದ ವಿಷಯವನ್ನ ಮಂದಿ ಎಷ್ಟು ಥರ ಬರದು ಹುಡುಕ್ತಾರ ಅಂತ ತಿಳಕೊಂಡಿದ್ದು. ಇಳಕಲ್, ಇಲಕಲ್, ಇಲ್ಕಲ್, ಸೀರೆ, ಸಾರಿ, ಇಂಗ್ಲಿಷ್ ಅಕ್ಷರದಾಗ ಕನ್ನಡ ಹೊಡಿಯೋರಂತೂ ಲೆಕ್ಕ ಇಲ್ಲ. ಎಲ್ಲಾ ತುರುಕಿದ್ರ ಓದಾಕ ಆಗೂದಿಲ್ಲ, ತಲಿಬರಹದಾಗ ಒಂದು, ಒಳಗ ಸಹಜ ಬರೂ ಕಡೆ ಇನ್ನೊಂದು, ಲಿಂಕ್‌ನ್ಯಾಗ ಇಂಗ್ಲಿಷ್ ಅಕ್ಷರ, ಇಷ್ಟ ಸಾಕು. ಇನ್ನ ನಮ್ಮ ಖಣಕ್ಕ ಮಹಾರಾಷ್ಟ್ರದಾಗ ಭಾಳ ಬೇಡಿಕಿ ಐತಿ, ಅಲ್ಲಿ ಖಣದ ಸೀರಿ, ಖಣದ ಡ್ರೆಸ್ ಎಲ್ಲಾ ಈಗ ಚಾಲ್ತಿ. ಬೆಳಗಾವಿಯಾಗ ಇರೂ ನಮ್ಮ ಚಿಗವ್ವಗ ಮರಾಠಿ ಛಲೋ ಬರ್ತೈತಿ, ಆಕಿ ಕಡೆಯಿಂದ ಖಣದ ಮುಖ್ಯ ಪೋಸ್ಟನ್ನ ಮರಾಠಿಯಾಗ ಬರಿಸಿ ಬ್ಯಾರೆ ಪೇಜ್ ಮಾಡಿದೆ. ಕೊಲ್ಲಾಪುರ, ಸೊಲ್ಲಾಪುರದಿಂದ ಬರೋರು ಅಲ್ಲಿಂದನ ಹೆಚ್ಚಿಗಿ.

ಕಾಲ ನೋಡಿ ಹಾಕೂದೂ ಮುಖ್ಯ. ಬನದ ಹುಣ್ಣಿಮಿಗೆ ಬನಶಂಕರಿ ತೇರು, ಆ ಹೊತ್ತಿನ್ಯಾಗ ಜಾತ್ರಿ, ಖಣ, ಉಡಿ ಎಲ್ಲಾ ಹುಡುಕ್ತಾರ, ಆದ್ರ ತೇರಿನ ದಿನ ಪೋಸ್ಟ್ ಹಾಕಿದ್ರ ಗೂಗಲ್ ಅದನ್ನ ನೋಡಿ ಸೇರಿಸಿಕೊಳ್ಳೂದ್ರಾಗ ಜಾತ್ರಿ ಮುಗದಿರ್ತೈತಿ. ತಿಂಗಳು ಮೊದಲ ಹಾಕಿ, ಸರ್ಚ್ ಕನ್ಸೋಲಿನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನ್ಯಾಗ ಇಂಡೆಕ್ಸ್ ಮಾಡ್ರಿ, ಅಂದ್ರ ಗೂಗಲ್ ಹುಡುಕಾಟದ ಪಟ್ಟಿಗೆ ಸೇರಿಸ್ರಿ, ಅಂತ ಕೇಳಿಬಿಡ್ತೀನಿ. ವರ್ಷಾ ವರ್ಷಾ ಹೊಸಾದು ಬರಿಯೂದಿಲ್ಲ, ಅದ ಪೋಸ್ಟನ್ನ ತಿದ್ದಿ ಹೊಸ ಮಾಹಿತಿ ಸೇರಿಸ್ತೀನಿ, ಹಳೇ ಲಿಂಕಿಗೆ ಬಂದ ಬಲ ಹಂಗ ಉಳೀತೈತಿ. ಒಂದು ಪೋಸ್ಟಿನಿಂದ ಇನ್ನೊಂದಕ್ಕ ಲಿಂಕ್ ಕೊಡೂದಂತೂ ಬಿಡೂದಿಲ್ಲ, ಉಡಿ ಓದಾಕ ಬಂದಾಕಿ ಖಣ ಯಾವುದು ಛಲೋ ಅಂತ ಓದಿ, ಅಲ್ಲಿಂದ ಗುಳೇದಗುಡ್ಡಕ್ಕ ಬರೂದು ಹೆಂಗ ಅನ್ನೂದಕ್ಕ ಹೋಗ್ತಾಳ.

ಜಾಹೀರಾತು ಹಾಕಿಲ್ಲೇನು ಅಂತ ಎಲ್ಲಾರೂ ಕೇಳ್ತಾರ, ಸದ್ಯಕ್ಕ ಇಲ್ಲ. ನನಗ ಬೇಕಾಗಿದ್ದು ಓದಿದೋರು ಮಗ್ಗದ ಬಾಗಲಿಗೆ ಬರೂದು. ನೇಕಾರರ ಒಪ್ಪಿಗಿ ಇದ್ರ ಅಷ್ಟ ಅವ್ರನ್ನ ಸಂಪರ್ಕ ಮಾಡಿಸ್ತೀನಿ, ನಡುವ ಏನೂ ತಗೊಳ್ಳೂದಿಲ್ಲ. ಮೊನ್ನೆ ಪುಣೆಯಿಂದ ಒಂದು ಕುಟುಂಬ ಬಾದಾಮಿ ಗುಹೆ ನೋಡಾಕ ಬಂದೋರು ಬ್ಲಾಗ್ ಓದಿದ್ದ ನೆನಪಿನಿಂದ ಗುಳೇದಗುಡ್ಡಕ್ಕೂ ಬಂದ್ರು, ನಮ್ಮ ಓಣಿಯಾಗ ಕಾಕಾರ ಮಗ್ಗದ ಮುಂದ ಕುಂತು ಖಣ ನೇಯೂದು ನೋಡಿ, ಆ ಮಗ್ಗದ್ದ ಖಣ ತಗೊಂಡು ಹೋದ್ರು. ನಡುವಿನ ವ್ಯಾಪಾರಸ್ಥರು ಕೊಡೂದಕ್ಕಿಂತ ಹೆಚ್ಚಿಗಿ ರೇಟು ಸಿಕ್ತು ಅಂತ ಕಾಕಾರು ಫೋನ್ ಮಾಡಿ ಹೇಳಿದ್ರು, ತಂಗೀ ಇನ್ನೂ ಬರೀವಾ, ನಮ್ಮ ಮಗ್ಗದ ಫೋಟೋನೂ ಹಾಕು ಅಂದ್ರು.

ಈಗ ಹಿಡದಿರೂ ಕೆಲಸ ಖಣದ ಡಿಸೈನ್‌ಗಳದ್ದು. ತೇರು, ಆನಿ ಹೆಜ್ಜಿ, ಸೂರ್ಯನಾರಾಯಣ ಇಂಥ ಹೆಸರಿಟ್ಟು ಹುಡುಕೋರು ಸರ್ಚ್ ಕನ್ಸೋಲಿನ್ಯಾಗ ಕಾಣಾಕ ಹತ್ಯಾರ, ಒಂದೊಂದಕ್ಕ ಒಂದೊಂದು ಪೋಸ್ಟ್, ಹತ್ತಿರದ ಫೋಟೋ ಜೋಡಿ ಮಾಡಬೇಕು ಅಂತ ಮಾಡೀನಿ. ಹಳೇ ಡಿಸೈನ್ ಕೆಲವಕ್ಕ ಹೆಸರು ಗೊತ್ತಿರೂದು ಊರಾಗ ವಯಸ್ಸಾದ ನೇಕಾರರಿಗೆ ಅಷ್ಟ. ಬರೂ ಐತವಾರ ಅಂಗಡಿ ಬಂದ್ ಇಟ್ಟು ಅಪ್ಪನ ಜೋಡಿ ಅವ್ರ ಮನಿಗಳಿಗೆ ಹೋಗೂದೈತಿ, ಟ್ರಂಕಿನ್ಯಾಗ ಇಟ್ಟ ಹಳೇ ಖಣ ತಗದಿಡ್ರಿ ಅಂತ ಈಗಾಗಲೇ ಹೇಳಿ ಕಳಿಸೀನಿ.